ರೇಷ್ಮೆಹುಳುವಿನ ರೋಗಾಣುವಿನಿಂದ ಹತ್ತಿಯ ವಂಶವಾಹಿಯವರೆಗೆ: ಬ್ಯಾಸಿಲಸ್ ಥುರಿಂಜಿಯೆನ್ಸಿಸ್‌ನ ಚರಿತ್ರೆ

ಮಣ್ಣಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಲ್ಲಿ ಬ್ಯಾಸಿಲಸ್ ಕುಲದವುಗಳಿಗೆ ಒಂದು ವಿಶಿಷ್ಟ ಸಾಮರ್ಥ್ಯವಿದೆ. ಆಹಾರ ತೀರಿ ಪರಿಸರ ಪ್ರತಿಕೂಲವಾದಾಗ ಅವು ತಮ್ಮ ಜೀವಕೋಶದೊಳಗೇ ದಪ್ಪ ಹೊದಿಕೆಯ ಬೀಜಕಣವನ್ನು ರಚಿಸಿಕೊಂಡು, ಬಿಸಿಲು, ಬರ, ಕಾವುಗಳನ್ನು ಸಹಿಸಿ ಸುಪ್ತವಾಗಿ ಉಳಿಯುತ್ತವೆ. ಹುಲ್ಲಿನ ಕಷಾಯವನ್ನು ಕುದಿಸಿದರೂ ಸಾಯದ ಇಂಥ ಬೀಜಕಣಗಳನ್ನು ಜರ್ಮನ್ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲಿ ವಿವರಿಸಿದನು. ಅದೇ ವರ್ಷ ರಾಬರ್ಟ್ ಕೋಖ್, ದನಕರುಗಳ ಆಂಥ್ರಾಕ್ಸ್ ರೋಗಕ್ಕೂ ಇದೇ ಕುಲದ ಬ್ಯಾಕ್ಟೀರಿಯ ಕಾರಣವೆಂದು ತೋರಿಸಿದನು. ಹೀಗೆ ಬೀಜಕಣದ ವಿಚಾರವು ವಿಜ್ಞಾನಕ್ಕೆ ಬಹುಮಟ್ಟಿಗೆ ರೋಗದ ವಿಚಾರವಾಗಿಯೇ ಪ್ರವೇಶಿಸಿತು. ಅದೇ ಕುಲದ ಒಂದು ಪ್ರಭೇದವು ಬೆಳೆಯ ರಕ್ಷಕನೆಂಬ ಸ್ಥಾನಕ್ಕೆ ಏರಿದ ಬಗೆಯನ್ನೂ, ಆ ಸ್ಥಾನವು ಇಂದು ಅಸ್ಥಿರವಾಗಿರುವುದಕ್ಕೆ ಕಾರಣವನ್ನೂ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

1901ರಲ್ಲಿ ಜಪಾನಿನ ಶಿಗೆತಾನೆ ಇಷಿವಾಟ, ರೇಷ್ಮೆಹುಳುಗಳು ಹಠಾತ್ತನೆ ಕುಸಿದು ಸಾಯುವ ‘ಸೊಟ್ಟೊ’ ರೋಗಕ್ಕೆ ಒಂದು ಬ್ಯಾಸಿಲಸ್ ಕಾರಣವೆಂದು ಕಂಡುಹಿಡಿದನು. ಜಪಾನಿಗೆ ರೇಷ್ಮೆಯು ಅಂದು ಬಹುಮುಖ್ಯ ರಫ್ತಿನ ಸರಕಾಗಿದ್ದುದರಿಂದ ಈ ಜೀವಿಯನ್ನು ಶತ್ರುವೆಂದೇ ಪರಿಗಣಿಸಲಾಯಿತು. ಜರ್ಮನಿಯಲ್ಲಿ ಸಂದರ್ಭ ಭಿನ್ನವಾಗಿತ್ತು. ಥುರಿಂಜಿಯ ಪ್ರಾಂತದ ಹಿಟ್ಟಿನ ಗಿರಣಿಯೊಂದರಿಂದ ಬಂದ ಸತ್ತ ಪತಂಗದ ಮರಿಹುಳುಗಳಲ್ಲಿ ಅರ್ನ್ಸ್ಟ್ ಬರ್ಲಿನರ್ 1911ರಲ್ಲಿ ಅಂಥದೇ ಬ್ಯಾಕ್ಟೀರಿಯವನ್ನು ಕಂಡು, 1915ರಲ್ಲಿ ಅದಕ್ಕೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಹೆಸರಿಟ್ಟನು. ಇಲ್ಲಿ ಸತ್ತದ್ದು ಸಾಕಿದ ಹುಳುವಲ್ಲ, ಹಿಟ್ಟನ್ನು ಹಾಳುಮಾಡುವ ಹುಳು. ರೋಗಾಣುವು ಉಪಕಾರಿಯೂ ಆಗಬಹುದೆಂಬ ಕಲ್ಪನೆಗೆ ಇಲ್ಲಿ ಅವಕಾಶ ದೊರೆಯಿತು. 1938ರಲ್ಲಿ ಫ್ರಾನ್ಸಿನಲ್ಲಿ ‘ಸ್ಪೊರೀನ್’ ಎಂಬ ಹೆಸರಿನಿಂದ ಇದರ ಮೊದಲ ವಾಣಿಜ್ಯ ಕೀಟನಾಶಕ ಹೊರಬಂದಿತು.

ಬೀಜಕಣದ ಬದಿಯಲ್ಲಿ ಇನ್ನೊಂದು ಕಣವಿರುವುದನ್ನು ಬರ್ಲಿನರ್ ಗಮನಿಸಿದ್ದರೂ ಅದರ ಕಾರ್ಯವು ಅವನಿಗೆ ತಿಳಿದಿರಲಿಲ್ಲ. ಅದು ಹರಳಿನ ರೂಪದ್ದೆಂದು 1953ರಲ್ಲಿ ಹ್ಯಾನೆ ಗುರುತಿಸಿದನು. ಹುಳುವಿಗೆ ಮಾರಕವಾದ ವಿಷವು ಆ ಹರಳಿನಲ್ಲಿಯೇ ಇದೆಯೆಂದು 1954ರಲ್ಲಿ ಕೆನಡಾದ ಆಂಗಸ್ ರೇಷ್ಮೆಹುಳುಗಳ ಮೇಲೆ ಪ್ರಯೋಗ ನಡೆಸಿ ಸ್ಥಾಪಿಸಿದನು. ಈ ಹರಳು ಒಂದು ಪ್ರೋಟೀನು. ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಅದು ಕರಗಿ, ಅಲ್ಲಿಯ ಕಿಣ್ವಗಳಿಂದ ಸಕ್ರಿಯಗೊಂಡು, ಕರುಳಿನ ಕೋಶಗಳ ನಿರ್ದಿಷ್ಟ ಗ್ರಾಹಿಗಳಿಗೆ ಅಂಟಿಕೊಂಡು ರಂಧ್ರಗಳನ್ನುಂಟುಮಾಡುತ್ತದೆ. ಹುಳು ಮೇವು ಬಿಟ್ಟು ಸಾಯುತ್ತದೆ. ಮನುಷ್ಯನ ಜಠರ ಆಮ್ಲೀಯ. ಅಂಥ ಗ್ರಾಹಿಗಳೂ ಅವನ ಕರುಳಿನಲ್ಲಿಲ್ಲ. ರೇಚಲ್ ಕಾರ್ಸನ್ 1962ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ರಾಸಾಯನಿಕ ವಿಷಗಳಿಗೆ ಪರ್ಯಾಯವಾಗಿ ಈ ಬ್ಯಾಕ್ಟೀರಿಯವನ್ನು ಪ್ರಸ್ತಾಪಿಸಿದ್ದು ಈ ಹಿನ್ನೆಲೆಯಲ್ಲಿಯೇ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರುಗುಂಡಿಯೊಂದರಲ್ಲಿ ಸೊಳ್ಳೆಯ ಮರಿಗಳನ್ನು ಕೊಲ್ಲುವ ಉಪಪ್ರಭೇದವೂ ದೊರೆತು, ಸಾರ್ವಜನಿಕ ಆರೋಗ್ಯ ಕ್ಷೇತ್ರಕ್ಕೂ ಇದರ ಉಪಯೋಗ ವಿಸ್ತರಿಸಿತು.

ಈ ಕಾಲದವರೆಗಿನ ಬಳಕೆಯಲ್ಲಿ ಒಂದು ಮಿತಿಯಿತ್ತು. ಎಲೆಯ ಮೇಲೆ ಸಿಂಪಡಿಸಿದ ಪುಡಿಯು ಬಿಸಿಲಿಗೆ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು; ಮಳೆಗೆ ತೊಳೆದುಹೋಗುತ್ತಿತ್ತು. ಕಾಂಡ, ಕಾಯಿಗಳ ಒಳಹೊಕ್ಕ ಹುಳುವನ್ನು ಅದು ಮುಟ್ಟುತ್ತಿರಲಿಲ್ಲ. ವ್ಯಾಪಾರಿಯ ದೃಷ್ಟಿಯಲ್ಲಿ ಇದು ದೋಷ. ಆದರೆ ಕೀಟವು ವಿಷವನ್ನು ಸದಾಕಾಲ ಎದುರಿಸದಂತೆ ನೋಡಿಕೊಂಡದ್ದೂ ಈ ಅಲ್ಪಾಯುಷ್ಯವೇ ಎಂಬುದು ಗಮನಾರ್ಹ. 1981ರಲ್ಲಿ ಶ್ನೆಫ್ ಮತ್ತು ವೈಟ್ಲಿ ಹರಳಿನ ವಂಶವಾಹಿಯನ್ನು ಬೇರ್ಪಡಿಸಿ ಬೇರೊಂದು ಬ್ಯಾಕ್ಟೀರಿಯದಲ್ಲಿ ಸೇರಿಸಿದರು. 1987ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಅದನ್ನು ತಂಬಾಕಿನ ಗಿಡಕ್ಕೆ ಸೇರಿಸಿದ ವರದಿ ಪ್ರಕಟವಾಯಿತು. 1996ರಲ್ಲಿ ಅಮೆರಿಕದ ರೈತರು ಬಿಟಿ ಹತ್ತಿಯನ್ನು ಬೆಳೆದರು. ಬೀಜಕಣ ಹಿಂದುಳಿಯಿತು, ಹರಳಿನ ಪ್ರೋಟೀನು ಗಿಡದ ಅಂಗವಾಯಿತು. ಬೆಳೆಯಿರುವಷ್ಟು ದಿನವೂ ವಿಷವಿರುವಂತಾಯಿತು.

ಅಪಾಯದ ಸೂಚನೆ ಅದಕ್ಕೂ ಮೊದಲೇ ಬಂದಿತ್ತು. ಉಗ್ರಾಣದ ಧಾನ್ಯದ ಪತಂಗವು ಬಿಟಿಗೆ ನಿರೋಧಕ ಶಕ್ತಿಯನ್ನು ಗಳಿಸಬಲ್ಲದೆಂದು 1985ರಲ್ಲಿ ಮೆಕ್‌ಗಾಹಿ ತೋರಿಸಿದ್ದನು. 1990ರಲ್ಲಿ ಹವಾಯಿಯ ಹೊಲಗಳಿಂದ, ಎಲೆಕೋಸನ್ನು ತಿನ್ನುವ ವಜ್ರಬೆನ್ನಿನ ಪತಂಗದ ವಿಷಯದಲ್ಲಿಯೂ ಇಂಥದೇ ವರದಿ ಬಂದಿತು.

ಭಾರತದಲ್ಲಿ ಈ ಚರಿತ್ರೆಯ ಒಂದು ಅಧ್ಯಾಯ ಕರ್ನಾಟಕದಲ್ಲಿಯೇ ನಡೆಯಿತು. ಪ್ರಾಯೋಗಿಕ ಬಿಟಿ ಹತ್ತಿಯ ತಾಕುಗಳನ್ನು 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘವು ರಾಯಚೂರು ಸೀಮೆಯಲ್ಲಿ ಸುಟ್ಟುಹಾಕಿತು. 2002ರ ಮಾರ್ಚ್ 26ರಂದು ಕೇಂದ್ರದ ಅನುಮೋದನಾ ಸಮಿತಿಯು ಮೂರು ಹೈಬ್ರಿಡ್ ತಳಿಗಳಿಗೆ ಒಪ್ಪಿಗೆಯಿತ್ತಿತು. ಹೊಲದ ಸುತ್ತ ಐದು ಸಾಲು ಅಥವಾ ಶೇಕಡ 20ರಷ್ಟು ಪ್ರದೇಶ, ಇವೆರಡರಲ್ಲಿ ಹೆಚ್ಚಿನದರಲ್ಲಿ, ಬಿಟಿಯಲ್ಲದ ಹತ್ತಿಯನ್ನು ಬೆಳೆಯಬೇಕೆಂಬ ನಿಯಮವೂ ಜೊತೆಗಿತ್ತು. ನಿರೋಧಕ ಶಕ್ತಿಯಿಲ್ಲದ ಕೀಟಗಳು ಅಲ್ಲಿ ಉಳಿದು, ನಿರೋಧಕ ಕೀಟಗಳೊಡನೆ ಕೂಡಿ ಆ ಗುಣವನ್ನು ದುರ್ಬಲಗೊಳಿಸಲೆಂಬುದು ಅದರ ತರ್ಕ. ಸಣ್ಣ ಹಿಡುವಳಿಯ ರೈತನಿಗೆ ಮಾತ್ರ ಅದು ಹುಳುವಿಗಾಗಿ ನೆಲ ಬಿಟ್ಟುಕೊಡುವ ಮಾತಾಗಿತ್ತು. ನಿಯಮ ಬಹುಮಟ್ಟಿಗೆ ಕಾಗದದಲ್ಲಿ ಉಳಿಯಿತು. ಗುಜರಾತಿನ ಕೆಲವೆಡೆ ಗುಲಾಬಿ ಕಾಯಿಕೊರಕವು ಮೊದಲ ವಂಶವಾಹಿಗೆ ಬಗ್ಗುತ್ತಿಲ್ಲವೆಂದು 2010ರಲ್ಲಿ ಬೀಜದ ಕಂಪನಿಯೇ ಒಪ್ಪಿಕೊಂಡಿತು. 2006ರಲ್ಲಿ ಬಂದಿದ್ದ ಎರಡು ವಂಶವಾಹಿಗಳ ತಳಿಯೂ ಮುಂದಿನ ವರ್ಷಗಳಲ್ಲಿ ಈ ಹುಳುವಿನೆದುರು ಸೋತಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿದ್ದ ಬಿಟಿ ಬದನೆಯ ಬಿಡುಗಡೆಗೆ, ಸಾರ್ವಜನಿಕ ವಿಚಾರಣೆಗಳ ಬಳಿಕ, 2010ರ ಫೆಬ್ರವರಿ 9ರಂದು ತಡೆ ಬಿದ್ದಿತು.

ಪರ-ವಿರೋಧಗಳ ವಾದದಲ್ಲಿ ಬ್ಯಾಕ್ಟೀರಿಯದ ಈ ಪೂರ್ವಚರಿತ್ರೆ ಮರೆಯಾದುದು ವಿಷಾದನೀಯ. ನಮ್ಮ ರೇಷ್ಮೆ ಬೆಳೆಗಾರರು ‘ಸಪ್ಪೆ ರೋಗ’ವೆಂದು ಕರೆಯುವ ಬೇನೆಗಳ ಗುಂಪಿನಲ್ಲಿ ಈ ಜೀವಿಯಿಂದ ಬರುವ ಬೇನೆಯೂ ಸೇರಿದೆ. ಆದಕಾರಣವೇ ಹಿಪ್ಪುನೇರಳೆ ತೋಟಗಳ ಸಮೀಪ ಇದರ ಸಿಂಪಡಣೆ ಸಲ್ಲದು. ಒಂದೇ ಹರಳು ಒಂದು ಬೆಳೆಗೆ ಕಾವಲು, ಮತ್ತೊಂದಕ್ಕೆ ಕಂಟಕ. ಗುಣವಾಗಲಿ ದೋಷವಾಗಲಿ ಜೀವಿಯಲ್ಲಿಲ್ಲ; ಅದನ್ನು ಎಲ್ಲಿ, ಎಷ್ಟು ಕಾಲ, ಯಾವ ಪ್ರಮಾಣದಲ್ಲಿ ಬಳಸುತ್ತೇವೆಂಬುದರಲ್ಲಿದೆ. ಕೀಟವು ಹರಳಿಗೆ ಒಗ್ಗಿಕೊಂಡರೆ ನಷ್ಟವಾಗುವುದು ಬೀಜ ಕೊಂಡವನಿಗೆ ಮಾತ್ರವಲ್ಲ, ಅದೇ ಬೀಜಕಣದ ಪುಡಿಯನ್ನು ನೆಚ್ಚಿರುವ ಸಾವಯವ ಕೃಷಿಕನಿಗೂ ಹೌದು. ಮಣ್ಣಿನ ಈ ಸಂಪತ್ತಿಗೆ ಯಾರೂ ಏಕಮೇವ ಒಡೆಯರಲ್ಲ. ಅದರ ಶಕ್ತಿಯನ್ನು ಉಳಿಸಿಕೊಳ್ಳುವ ಹೊಣೆಯೂ ಎಲ್ಲರಿಗೆ ಸೇರಿದ್ದೆಂಬುದು ಈ ಶತಮಾನದಷ್ಟು ದೀರ್ಘವಾದ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.