ನಾಲ್ಕು ಪಾಯಿಂಟ್ ಗಾಳಿಯ ಜಗಳ, ಒಂದು ಹಳದಿ ದೀಪ

ಈಗಿನ ಕೆಲವು ಹೊಸ ಗಾಡಿಗಳಲ್ಲಿ ಟೈರಿನ ಗಾಳಿ ಇಳಿದರೆ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಈ ದೀಪವನ್ನು ಕಾನೂನು ಕಡ್ಡಾಯ ಮಾಡುವ ಮೊದಲು ನೂರಾರು ಜನ ಸತ್ತಿದ್ದರು.

1990ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಎಕ್ಸ್‌ಪ್ಲೋರರ್ ಎಂಬ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ತನ್ನದೇ ರೇಂಜರ್ ಪಿಕಪ್‌ನ ಚಾಸಿಯನ್ನು ಆಧರಿಸಿ ಕಟ್ಟಿದ ಗಾಡಿ ಅದು. ಅದಕ್ಕೆ ಫೈರ್‌ಸ್ಟೋನ್ ಟೈರು. ಗಾಳಿ 26 ಪಾಯಿಂಟ್ ಇರಲಿ ಎಂದು ಫೋರ್ಡ್ ಹೇಳಿತ್ತು.

2000ದ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಸ್ಥಳೀಯ ಟಿವಿ ವಾಹಿನಿ ಕೆಎಚ್‌ಒಯು ಒಂದು ವರದಿ ಪ್ರಸಾರ ಮಾಡಿತು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಪಲ್ಟಿಯಾಗುತ್ತಿದ್ದವು. ವರದಿ ನೋಡಿದ ಜನರಿಂದ ದೂರುಗಳು ಹರಿದುಬಂದವು. ಮೇ ತಿಂಗಳಲ್ಲಿ ಸರ್ಕಾರದ ತನಿಖೆ ಶುರುವಾಯಿತು. ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿತು. ಕೊನೆಗೆ ಅಮೆರಿಕವೊಂದರಲ್ಲೇ ಸತ್ತವರ ಲೆಕ್ಕ 270 ದಾಟಿತು.

ತಪ್ಪು ಯಾರದು? ಟೈರೇ ಸರಿಯಿಲ್ಲ ಎಂದು ಫೋರ್ಡ್. ಗಾಡಿಯ ವಿನ್ಯಾಸವೇ ಸರಿಯಿಲ್ಲ, ಗಾಳಿಯೂ 30 ಇರಬೇಕು ಎಂದು ಫೈರ್‌ಸ್ಟೋನ್. ಸುಮಾರು ನೂರು ವರ್ಷದ ವ್ಯಾಪಾರ ಸಂಬಂಧ 2001ರಲ್ಲಿ ಮುರಿದುಬಿತ್ತು.

ಟೈರು ತಯಾರಿಕೆಯಲ್ಲಿ ದೋಷ ಇದ್ದದ್ದು ನಿಜ. ಆದರೆ ನಾಲ್ಕು ಪಾಯಿಂಟ್ ಗಾಳಿಗೆ ಅಷ್ಟು ಜಗಳ ಏಕೆ? ಭಾರವನ್ನು ಹೊರುವುದು ಬರೀ ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಕಾವೇರುತ್ತದೆ. ಕಾವು ಹೆಚ್ಚಿದಂತೆ ರಬ್ಬರ್ ಮತ್ತು ಒಳಗಿನ ಉಕ್ಕಿನ ತಂತಿಯ ಹಿಡಿತ ಸಡಿಲವಾಗುತ್ತದೆ. ಮೇಲೆ ಲೋಡು, ಕೆಳಗೆ ಬಿಸಿ ರಸ್ತೆ, ಜೊತೆಗೆ ವೇಗ ಸೇರಿದರೆ ಕೇಳುವುದೇ ಬೇಡ. ಓವರ್‌ಲೋಡ್ ಮಾಡಿದರೂ ಆಗುವುದು ಇದೇ.

2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಟ್ರೆಡ್ ಕಾಯ್ದೆಗೆ ಸಹಿ ಹಾಕಿದರು. ನಿಯಮ ಸಡಿಲವಾಯಿತೆಂದು ಕೆಲವರು ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು, 2005ರಲ್ಲಿ ಹೊಸ ನಿಯಮ ಬಂತು. ಕಂಪನಿ ಹೇಳಿದ ಗಾಳಿಗಿಂತ ಶೇ 25ರಷ್ಟು ಇಳಿದರೆ ದೀಪ ಹತ್ತಲೇಬೇಕು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರು, ಸಣ್ಣ ಪಿಕಪ್‌ಗಳಿಗೆಲ್ಲ ಇದು ಕಡ್ಡಾಯವಾಯಿತು.

ನಮ್ಮ ಕಡೆ ಟೊಮೆಟೊ, ಮೇವು, ಜಲ್ಲಿ ಹೊರುವ ಬಹುತೇಕ ಪಿಕಪ್‌ಗಳಲ್ಲಿ ಆ ದೀಪವಿಲ್ಲ. ಇದ್ದರೂ ಅದು ಗಾಳಿ ಇಳಿದದ್ದನ್ನಷ್ಟೇ ಹೇಳುತ್ತದೆ, ಲೋಡು ಹೆಚ್ಚಾದದ್ದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಆರ್‌ಸಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದೇ ಮಿತಿ. ಅದರಲ್ಲಿ ಮೇಲೆ ಕೂತ ಜನರೂ ಸೇರುತ್ತಾರೆ. ಮೀರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000.

ದಂಡ ಕಟ್ಟಿ ಬರಬಹುದು. ಆದರೆ ಕಾದ ಟೈರು ರಸೀದಿ ಕೇಳುವುದಿಲ್ಲ. ಟೈರನ್ನು ಕಾಲಲ್ಲಿ ಒದ್ದು ನೋಡಿದರೆ ನಾಲ್ಕು ಪಾಯಿಂಟ್ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಗೇಜ್ ಹಿಡಿದು ನೋಡಿ.