ನಿಲುಗಡೆಗಳ ವ್ಯಾಕರಣ: ಲಿನಕ್ಸ್‌ನ ಪಿಟ್ರೇಸ್ ಕೈಪಿಡಿಯ ಸುಧಾರಣೆ

ಒಂದು ಪ್ರೊಸೆಸ್ ಇನ್ನೊಂದನ್ನು ತಡೆದು ನಿಲ್ಲಿಸಿ, ಅದರ ಮೆಮೊರಿಯನ್ನೂ ರಿಜಿಸ್ಟರುಗಳನ್ನೂ ಓದಿ, ಬೇಕಾದರೆ ತಿದ್ದಿ, ಮತ್ತೆ ಓಡಲು ಬಿಡುವ ಅವಕಾಶವನ್ನು ಲಿನಕ್ಸ್‌ನಲ್ಲಿ ಒದಗಿಸುವ ಸಿಸ್ಟಮ್ ಕಾಲ್ ಪಿಟ್ರೇಸ್. ಜಿಡಿಬಿಯಂಥ ಡಿಬಗರ್, ಸಿಸ್ಟಮ್ ಕಾಲ್‌ಗಳ ಪಟ್ಟಿ ಕೊಡುವ ಎಸ್‌ಟ್ರೇಸ್, ಪ್ರೋಗ್ರಾಮಿನ ಓಟವನ್ನು ದಾಖಲಿಸಿ ಮರಳಿ ಆಡಿಸುವ ಆರ್‌ಆರ್, ಓಡುತ್ತಿರುವ ಪ್ರೊಸೆಸ್‌ಗಳನ್ನು ಹಿಡಿದಿಟ್ಟು ಮತ್ತೆ ಎಬ್ಬಿಸುವ ಕ್ರಿಯು, ಇವೆಲ್ಲ ಅದನ್ನೇ ನೆಚ್ಚಿಕೊಂಡಿವೆ. ಇಷ್ಟು ಭಾರ ಹೊತ್ತ ಸೌಲಭ್ಯದ ಅಧಿಕೃತ ವಿವರಣೆ ಒಂದು ಮ್ಯಾನ್ ಪುಟ. ಆ ಪುಟವನ್ನು ಸುಧಾರಿಸಬೇಕೆಂದಾಗ ಇನ್ನಷ್ಟು ಮಾಹಿತಿ ತುಂಬಬೇಕೆಂಬ ಸಲಹೆಯೇ ಮೊದಲು ಬರುತ್ತದೆ. ಈ ಲೇಖನದ ವಾದ ಬೇರೆ. ಪಿಟ್ರೇಸ್ ಕೈಪಿಡಿಗೆ ಮುಖ್ಯವಾಗಿ ಬೇಕಿರುವುದು ಹೊಸ ಜೋಡಣೆ. ಆಜ್ಞೆಗಳ ನಿಘಂಟಿನಂತೆ ಆರಂಭವಾದ ಅದು ನಿಲುಗಡೆಗಳ ವ್ಯಾಕರಣವಾಗಬೇಕು. ತನ್ನ ಪ್ರತಿಯೊಂದು ಮಾತೂ ಕರ್ನಲ್‌ನ ಯಾವ ಆವೃತ್ತಿಗೆ ನಿಜವೆಂದು ಹೇಳಬೇಕು.

ಈ ಅಗತ್ಯದ ಬೇರು ಇತಿಹಾಸದಲ್ಲಿದೆ. ಪಿಟ್ರೇಸ್ ಮೊದಲು ಕಾಣಿಸಿಕೊಂಡದ್ದು 1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ. ಆಗ ಥ್ರೆಡ್‌ಗಳಿರಲಿಲ್ಲ. ತಾಯಿ ಪ್ರೊಸೆಸ್ ತನ್ನ ಮಗು ಪ್ರೊಸೆಸ್‌ಗಾಗಿ ಕಾಯುವ ಏರ್ಪಾಡನ್ನೇ ಶೋಧನೆಗೂ ಬಳಸಿಕೊಂಡರೆ ಸಾಕಾಗಿತ್ತು. ಲಿನಕ್ಸ್ ಈ ಬಳುವಳಿಯನ್ನು ಉಳಿಸಿಕೊಂಡು ಅದರ ಮೇಲೆ ಥ್ರೆಡ್, ಹೊಸ ಸಿಗ್ನಲ್ ನಿಯಮ, ಹತ್ತಾರು ಹೊಸ ಆಜ್ಞೆಗಳನ್ನು ಪೇರಿಸಿತು. ಇಂದು ಹಿಡಿತಕ್ಕೆ ಸಿಗುವುದು ಇಡೀ ಪ್ರೊಸೆಸ್ ಅಲ್ಲ, ಅದರ ಒಂದೊಂದು ಥ್ರೆಡ್. ಆದರೆ ಏನಾಯಿತೆಂದು ತಿಳಿಸುವ ದಾರಿ ಮಗುವಿಗಾಗಿ ಕಾಯುವ ಅದೇ ಹಳೆಯ ಏರ್ಪಾಡು, ವೇಟ್‌ಪಿಡ್. ಹಲವು ಬಗೆಯ ಘಟನೆಗಳು ಒಂದೇ ಕಿರುಬಾಗಿಲಿನಿಂದ ಬರುವುದರಿಂದ, ಬಂದದ್ದು ಯಾವುದೆಂದು ಗುರುತಿಸುವುದೇ ಈ ಸಿಸ್ಟಮ್ ಕಾಲ್ ಬಳಸುವವರ ಮೊದಲ ಕಷ್ಟ.

ಎರಡು ಉದಾಹರಣೆಗಳನ್ನು ನೋಡಬಹುದು. ಸಿಗ್‌ಸ್ಟಾಪ್ ಸಿಗ್ನಲ್‌ನಿಂದ ಥ್ರೆಡ್ ನಿಂತಿದೆಯೆಂಬ ಸುದ್ದಿ ಬಂದಿತೆನ್ನೋಣ. ಸಿಗ್ನಲ್ ಇನ್ನೂ ತಲುಪಬೇಕಾಗಿದೆಯೆಂಬುದು ಒಂದು ಅರ್ಥ. ಅದು ಈಗಾಗಲೇ ತಲುಪಿ ಇಡೀ ಥ್ರೆಡ್ ಗುಂಪು ನಿಂತಿದೆಯೆಂಬುದು ಇನ್ನೊಂದು. ಥ್ರೆಡ್ ಹಿಡಿಯುವ ಹಳೆಯ ಅಟ್ಯಾಚ್ ವಿಧಾನದಲ್ಲಿ ಇವೆರಡನ್ನೂ ಬೇರ್ಪಡಿಸಲು ಸಿಗ್ನಲ್‌ನ ವಿವರ ಕೇಳಬೇಕು. ಆ ಕೋರಿಕೆ ಅಮಾನ್ಯವೆಂಬ ದೋಷದೊಂದಿಗೆ ವಿಫಲವಾದರೆ ಅದು ಗುಂಪಿನ ನಿಲುಗಡೆ. ದೋಷವೇ ಇಲ್ಲಿ ಉತ್ತರ. ಸಿಸ್ಟಮ್ ಕಾಲ್‌ನ ಹೊಸ್ತಿಲದು ಎರಡನೆಯ ಉದಾಹರಣೆ. ಒಳಹೋಗುವಾಗಲೂ ಹೊರಬರುವಾಗಲೂ ಥ್ರೆಡ್ ನಿಲ್ಲುತ್ತದೆ, ಎರಡೂ ನಿಲುಗಡೆಗಳು ನೋಡಲು ಒಂದೇ. 2019ರ 5.3 ಆವೃತ್ತಿಯಲ್ಲಿ ಇದಕ್ಕೆಂದೇ ಹೊಸ ಆಜ್ಞೆ ಸೇರುವವರೆಗೆ, ನಿಲುಗಡೆಗಳ ಸರದಿಯನ್ನು ಶೋಧಕ ಪ್ರೋಗ್ರಾಮೇ ನೆನಪಿಟ್ಟುಕೊಳ್ಳಬೇಕಿತ್ತು. ಆಜ್ಞೆಗಳ ಪಟ್ಟಿಯನ್ನು ಎಷ್ಟೇ ಹಿಗ್ಗಿಸಿದರೂ ಈ ತಿಳಿವಳಿಕೆ ಅದರಲ್ಲಿ ಕೂರುವುದಿಲ್ಲ. ಇದು ಯಾವ ಒಂದು ಆಜ್ಞೆಗೂ ಸೇರಿದ್ದಲ್ಲ, ಸ್ಥಿತಿಗಳ ನಡುವಿನ ಸಂಬಂಧಕ್ಕೆ ಸೇರಿದ್ದು.

2011ರ ಸೆಪ್ಟೆಂಬರ್‌ನಲ್ಲಿ ಡೆನಿಸ್ ವ್ಲಾಸೆಂಕೊ ಮಾಡಿದ ದೊಡ್ಡ ಪರಿಷ್ಕರಣೆ ಈ ಮಾತಿಗೆ ಪ್ರಬಲ ಆಧಾರ. ಎಸ್‌ಟ್ರೇಸ್‌ಗೂ ದುಡಿದಿದ್ದ ಅವರು ಸಿಗ್ನಲ್ ತಲುಪುವ ನಿಲುಗಡೆ, ಗುಂಪಿನ ನಿಲುಗಡೆ, ಸಿಸ್ಟಮ್ ಕಾಲ್ ನಿಲುಗಡೆ, ಘಟನೆಯ ನಿಲುಗಡೆ ಎಂದು ಒಂದೊಂದಕ್ಕೂ ಹೆಸರಿಟ್ಟು, ಒಂದರಿಂದ ಇನ್ನೊಂದನ್ನು ಬಿಡಿಸುವ ಬಗೆಯನ್ನು ಮ್ಯಾನ್ ಪುಟದಲ್ಲಿ ವಿವರಿಸಿದರು. ಅದೇ ಅವಧಿಯಲ್ಲಿ ಕರ್ನಲ್ ನಿರ್ಮಾಪಕರು ಈ ಗೊಂದಲಗಳನ್ನು ಚರ್ಚಿಸುತ್ತಿದ್ದರು, 2012ರ 3.4 ಆವೃತ್ತಿಯಲ್ಲಿ ಬಂದ ಸೀಜ್ ಎಂಬ ಆಜ್ಞೆ ಸಿಗ್‌ಸ್ಟಾಪ್ ಕಳಿಸದೆಯೇ ಥ್ರೆಡ್ ಹಿಡಿಯುವ ದಾರಿ ತೆರೆಯಿತು. ಆದರೂ ಕೆಲಸ ಮುಗಿದಿಲ್ಲ. ಪರಿಷ್ಕರಣೆಯ ಭಾಗಗಳು ಹಳೆಯ ಆಜ್ಞಾಪಟ್ಟಿಯ ಬೆನ್ನಿಗೆ ಸೇರಿದವೇ ಹೊರತು ಅದರ ಅಡಿಪಾಯವಾಗಲಿಲ್ಲ. ದೋಷಗಳ ವಿಭಾಗದ ಕೆಲವು ಮಾತುಗಳ ಮುಂದೆ, ಕೊನೆಯ ಬಾರಿ ಖಚಿತವಾದದ್ದು 2.6.38.6ರಲ್ಲಿ ಎಂಬ ಟಿಪ್ಪಣಿಯಿದೆ. ಈ ಟಿಪ್ಪಣಿ ಹಳೆಯದಾದರೂ ಮಾದರಿಯೆಂದೇ ನಾನು ಎಣಿಸುತ್ತೇನೆ. ಆವೃತ್ತಿ ನಮೂದಿಸಿದ ಹಳೆಯ ಮಾತನ್ನು ಓದುಗ ತಾನೇ ಪರೀಕ್ಷಿಸಬಲ್ಲ. ಆವೃತ್ತಿಯಿಲ್ಲದ ಮಾತನ್ನು ನಂಬಬೇಕೋ ಬೇಡವೋ ಅವನಿಗೆ ತಿಳಿಯದು.

ಕರ್ನಲ್‌ನ ಮೂಲಸಂಕೇತವೇ ನಿಜವಾದ ಕೈಪಿಡಿ ಎಂಬ ಆಕ್ಷೇಪವಿದೆ. ಆದರೆ ಪಿಟ್ರೇಸ್‌ನ ನಡವಳಿಕೆ ಅದರ ಹೆಸರಿನ ಕಡತವೊಂದರಲ್ಲೇ ಇಲ್ಲ. ಸಿಗ್ನಲ್, ನಿರ್ಗಮನ, ಒಂದೊಂದು ಪ್ರೊಸೆಸರ್‌ನ ವಿಭಾಗ ಎಲ್ಲೆಡೆ ಹಂಚಿಹೋಗಿದೆ. ಅದಕ್ಕಿಂತ ಮುಖ್ಯವಾಗಿ, ಕರ್ನಲ್ ಮಾತ್ರ ಓದಿದವರು ತಪ್ಪುದಾರಿ ಹಿಡಿಯಬಹುದು. ಮೆಮೊರಿ ಓದುವ ಪೀಕ್ ಆಜ್ಞೆಯಲ್ಲಿ ಕರ್ನಲ್ ಫಲವನ್ನು ಸೂಚಿಸಿದ ವಿಳಾಸಕ್ಕೆ ಬರೆಯುತ್ತದೆ, ಸಿ ಲೈಬ್ರರಿ ಅದನ್ನೇ ಹಿಂದಿರುಗಿಸುತ್ತದೆ. ಹಾಗೆ ಬಂದ ಮೈನಸ್ ಒಂದು ಮೆಮೊರಿಯ ನಿಜ ಮೌಲ್ಯವೂ ಆಗಿರಬಹುದಾದ್ದರಿಂದ, ಕರೆಗೆ ಮುಂಚೆ ದೋಷಸೂಚಕವನ್ನು ಸೊನ್ನೆ ಮಾಡಬೇಕು. ಮೂಲಸಂಕೇತ ಇಂದು ಏನಾಗುತ್ತದೆಂದು ಹೇಳೀತು. ನಾಳೆಗೂ ಯಾವುದನ್ನು ನೆಚ್ಚಬಹುದೆಂದು ಹೇಳದು. ವಿಚಿತ್ರ ನಡವಳಿಕೆಯನ್ನು ಬರೆದಿಟ್ಟರೆ ಅದೇ ಶಾಸನವಾಗಿ ತಿದ್ದುಪಡಿಗೆ ಅಡ್ಡಿಯಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಆದರೆ ಬಳಕೆದಾರರ ಪ್ರೋಗ್ರಾಮುಗಳನ್ನು ಮುರಿಯಬಾರದೆಂಬುದು ಲಿನಕ್ಸ್ ಬಳಗದ ಒಪ್ಪಿತ ನಿಯಮ. ಜನ ನೆಚ್ಚಿಕೊಂಡ ನಡವಳಿಕೆ ಬರೆಯದಿದ್ದರೂ ಕಟ್ಟುಬೀಳುತ್ತದೆ. ಬರೆದರೆ ಇದು ವಚನ, ಇದು ದೋಷ ಎಂದು ಬೇರ್ಪಡಿಸುವ ಅವಕಾಶವಾದರೂ ಸಿಗುತ್ತದೆ. ಓದುಗರು ಕೆಲವರೇ ಎಂಬ ಮಾತೂ ನಿಲ್ಲದು: ಆ ಕೆಲವರು ಕಟ್ಟುವ ಸಾಧನಗಳನ್ನು ನೆಚ್ಚಿಯೇ ಉಳಿದೆಲ್ಲರೂ ತಮ್ಮ ಪ್ರೋಗ್ರಾಮುಗಳ ತಪ್ಪು ಹುಡುಕುತ್ತಾರೆ.

ಆದ್ದರಿಂದ ಸುಧಾರಣೆಯ ಕ್ರಮ ಹೀಗಿರಬೇಕು. ಪುಟ ನಿಲುಗಡೆಗಳಿಂದ ಆರಂಭವಾಗಲಿ. ಒಂದೊಂದು ನಿಲುಗಡೆಯಲ್ಲೂ ಅದನ್ನು ಗುರುತಿಸುವ ಬಗೆ, ಅಲ್ಲಿ ಸಲ್ಲುವ ಆಜ್ಞೆಗಳು, ಅಲ್ಲಿಂದ ಹೋಗಬಹುದಾದ ಸ್ಥಿತಿಗಳು ಇರಲಿ. ಆಜ್ಞೆಗಳ ಪಟ್ಟಿ ಕೊನೆಗೆ ಅಕಾರಾದಿಯಾಗಿ ಬರಲಿ. ಪ್ರತಿಯೊಂದು ನಿಯಮಕ್ಕೂ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಮ್ ಜೊತೆಯಾಗಲಿ. ಕರ್ನಲ್‌ನ ಸ್ವಯಂಪರೀಕ್ಷೆಗಳಲ್ಲಿ ಪಿಟ್ರೇಸ್‌ಗೆಂದು ಕಡತಕೋಶವೊಂದು ಈಗಾಗಲೇ ಇದೆ, ಸಿಸ್ಟಮ್ ಕಾಲ್‌ನ ವಿವರ ಕೊಡುವ ಹೊಸ ಆಜ್ಞೆಯ ಪರೀಕ್ಷೆಯೂ ಅಲ್ಲಿದೆ. ಕೈಪಿಡಿಯ ನಿಯಮಗಳನ್ನೂ ಆ ಪರೀಕ್ಷೆಗಳನ್ನೂ ಬೆಸೆದರೆ, ಕರ್ನಲ್ ಬದಲಾದಾಗ ಹಳತಾದ ಮಾತು ತಾನಾಗಿ ಬೆಳಕಿಗೆ ಬರುತ್ತದೆ. ಮ್ಯಾನ್ ಪುಟಕ್ಕೆ ತಿದ್ದುಪಡಿ ಸಲ್ಲಿಸುವ ಅವಕಾಶ ಎಲ್ಲರಿಗೂ ಇದೆ. ಪಿಟ್ರೇಸ್ ಬಳಸಿ ಸಾಧನ ಕಟ್ಟುವವರು ತಾವು ಪರೀಕ್ಷಿಸಿ ಕಂಡುಕೊಂಡ ಒಂದೊಂದು ನಡವಳಿಕೆಯನ್ನೂ ಆವೃತ್ತಿಯ ಸಮೇತ ಆ ಪುಟಕ್ಕೆ ಸಲ್ಲಿಸಬೇಕು.