ಹೆಸರಿನ ಮೇಲಿನ ಹಕ್ಕು: ದೇವರ ಪಟದಿಂದ ನಂದಿನಿಯವರೆಗೆ

ಬ್ರಿಟಿಷರ ಕಾಲದಲ್ಲಿ ಲ್ಯಾಂಕಾಷೈರ್ ಗಿರಣಿಗಳ ಬಟ್ಟೆ ನಮ್ಮ ಪೇಟೆಗಳಿಗೆ ಬರುತ್ತಿದ್ದದ್ದು ದೇವರ ಪಟಗಳ ಜೊತೆ. ಥಾನಿಗೆ ಅಂಟಿಸಿದ ಬಣ್ಣದ ಚೀಟಿ ನೋಡಿದರೆ ಓದು ಬಾರದ ಗಿರಾಕಿಗೂ ಮಾಲು ಯಾರದ್ದೆಂದು ತಿಳಿಯುತ್ತಿತ್ತು. ಚೀಟಿಯನ್ನು ನಕಲು ಮಾಡಿದವರ ಮೇಲೆ 1889ರ ಸರಕು ಮುದ್ರೆ ಕಾಯ್ದೆಯಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದಿತ್ತು. ಆದರೆ ಈ ಗುರುತು ನನ್ನದು ಎಂದು ಬರೆಸಿಡಲು ಪ್ರತ್ಯೇಕ ರಿಜಿಸ್ಟರ್ ಇರಲಿಲ್ಲ. ಇಂಗ್ಲೆಂಡಿನಲ್ಲಾದರೋ 1876ರ ಜನವರಿ 1ರಂದೇ ಬಾಸ್ ಬಿಯರ್ ಕಂಪನಿಯ ಕೆಂಪು ತ್ರಿಕೋನ ಮೊದಲ ನೋಂದಾಯಿತ ಮುದ್ರೆಯಾಗಿತ್ತು. ಇಲ್ಲಿಯ ವ್ಯಾಪಾರಿ ಮಾತ್ರ ಆಸ್ತಿಪತ್ರ ನೋಂದಾಯಿಸುವ ಕಚೇರಿಯಲ್ಲಿ ಒಡೆತನದ ಘೋಷಣೆ ಬರೆಸಿ ಸುಮ್ಮನಾಗಬೇಕಿತ್ತು.

ಅಂಥ ರಿಜಿಸ್ಟರ್ ತಂದ ಟ್ರೇಡ್‌ಮಾರ್ಕ್ ಕಾಯ್ದೆ ಬಂದದ್ದು 1940ರಲ್ಲಿ. 1958ರ ಕಾಯ್ದೆ ಹಳೆಯದೆರಡನ್ನೂ ಒಂದುಗೂಡಿಸಿತು. ಆಗಲೂ ನೋಂದಣಿ ಸರಕಿಗಷ್ಟೇ ಸಿಗುತ್ತಿತ್ತು, ಅವಧಿ ಏಳು ವರ್ಷ. ಕಾಯ್ದೆಗೆ ಜೀವ ತುಂಬಿದ್ದು ನ್ಯಾಯಾಲಯಗಳು. 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಎಂಬ ಔಷಧಿಗಳ ಜಗಳದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ಅಳತೆಗೋಲು: ಎರಡು ಹೆಸರನ್ನು ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸಬಾರದು, ಅರೆಬರೆ ನೆನಪಿನಲ್ಲಿ ಅಂಗಡಿಗೆ ಬರುವ ಸಾಮಾನ್ಯ ಗಿರಾಕಿ ಗೊಂದಲಗೊಳ್ಳುತ್ತಾನೆಯೇ ಎಂದು ನೋಡಬೇಕು. ಗೊಂದಲ ಆಗುತ್ತದೆಂದೇ ಕೋರ್ಟ್ ತೀರ್ಮಾನಿಸಿತು. ಆದರೂ ಲಕ್ಷ್ಮಣಧಾರಾ ಬಹುಕಾಲದಿಂದ ಮಾರಾಟದಲ್ಲಿದ್ದುದರಿಂದ ಅದರ ನೋಂದಣಿಯನ್ನು ಉತ್ತರ ಪ್ರದೇಶಕ್ಕೆ ಸೀಮಿತಗೊಳಿಸಿ ಉಳಿಸಿತು. ಬಳಕೆಗೆ ನಮ್ಮ ಕಾನೂನು ಕೊಡುವ ಈ ಮರ್ಯಾದೆಯನ್ನು ಹೊಸ ಉದ್ಯಮಿಗಳು ಗಮನಿಸುವುದು ಕಡಿಮೆ.

ಹೆಸರಿನ ಬೆಲೆ ಎಷ್ಟೆಂದು ಕೇಳುವವರಿಗೆ ಮಂಗಳೂರು ಗಣೇಶ ಬೀಡಿಯ ಕಥೆಯಿದೆ. ಪಾಲುದಾರರ ಮನಸ್ತಾಪದಲ್ಲಿ ಸಂಸ್ಥೆ 1987ರಲ್ಲಿ ವಿಸರ್ಜನೆಯಾಯಿತು. 1994ರಲ್ಲಿ ಪಾಲುದಾರರ ನಡುವೆಯೇ ನಡೆದ ಹರಾಜಿನಲ್ಲಿ ವ್ಯವಹಾರ 92 ಕೋಟಿ ರೂಪಾಯಿಗೆ ಹೋಯಿತು. ಬೀಡಿಗೆ ಬೇಕಾದ್ದು ಎಲೆ, ತಂಬಾಕು, ದಾರ, ಕಟ್ಟುವ ಕೈ. ಅವು ಯಾರಿಗೂ ಸಿಗುತ್ತವೆ. ಗಣೇಶನ ಲೇಬಲ್ ಸಿಗುವುದಿಲ್ಲ. ಟ್ರೇಡ್‌ಮಾರ್ಕಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2015ರಲ್ಲಿ ಉಂಟು ಎಂದು ಇತ್ಯರ್ಥವಾಯಿತು.

ಈಗಿರುವುದು 1999ರ ಕಾಯ್ದೆ. ಜಾರಿಯಾದದ್ದು 2003ರ ಸೆಪ್ಟೆಂಬರ್ 15ರಂದು. ಹೋಟೆಲು, ಬ್ಯಾಂಕು, ಸಾಫ್ಟ್‌ವೇರ್ ಸೇವೆಗಳ ಹೆಸರಿಗೂ ಇದರಿಂದ ನೋಂದಣಿ ಸಿಕ್ಕಿತು, ಅವಧಿ ಹತ್ತು ವರ್ಷವಾಯಿತು. ಮರುವರ್ಷವೇ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಹೊರಟ 'ಸಿಫಿ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ವಿಳಾಸಕ್ಕೂ ಟ್ರೇಡ್‌ಮಾರ್ಕಿನ ರಕ್ಷಣೆ ಅನ್ವಯವೆಂದಿತು. 2008ರಲ್ಲಿ ಯಾಹೂ ಕಂಪನಿಯ ಕೂಗು ದೇಶದ ಮೊದಲ ಧ್ವನಿಮುದ್ರೆಯಾಯಿತು, 2017ರಲ್ಲಿ ಮುಂಬೈನ ತಾಜ್ ಹೋಟೆಲಿನ ಕಟ್ಟಡವೇ ನೋಂದಣಿ ಪಡೆಯಿತು.

ಆದರೆ ಕನ್ನಡಿಗರಿಗೆ ದೊಡ್ಡ ಪಾಠ ಕಲಿಸಿದ್ದು ನಂದಿನಿ. ಕರ್ನಾಟಕ ಹಾಲು ಮಹಾಮಂಡಳ ಈ ಹೆಸರನ್ನು 1985ರಿಂದ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಬಳಸುತ್ತಿದ್ದರು. ಹೋಟೆಲಿನವರು ನೋಂದಣಿಗೆ ಅರ್ಜಿ ಹಾಕಿದಾಗ ಮಹಾಮಂಡಳ ಆಕ್ಷೇಪಿಸಿತು. ಮೇಲ್ಮನವಿ ಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಮಹಾಮಂಡಳ ಗೆದ್ದಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು: ನಂದಿನಿ ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ಹಸುವಿನ ಹೆಸರು, ನೋಂದಣಿಗಾಗಿ ಸರಕು-ಸೇವೆಗಳನ್ನು ವಿಂಗಡಿಸುವ ಒಂದೇ ವರ್ಗದಲ್ಲಿ (ಕ್ಲಾಸಿನಲ್ಲಿ) ಇವೆ ಎಂದ ಮಾತ್ರಕ್ಕೆ ಹಾಲೂ ಹೋಟೆಲಿನ ತಿನಿಸೂ ಒಂದಾಗುವುದಿಲ್ಲ. ಹಾಲು ಮತ್ತು ಹಾಲಿನ ಉತ್ಪನ್ನ ಬಿಟ್ಟು ಉಳಿದವಕ್ಕೆ ಹೋಟೆಲಿನವರಿಗೆ ನೋಂದಣಿ ಸಿಕ್ಕಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಅಂಗಡಿಗೆ ದೇವರ, ನದಿಯ, ಮಗಳ ಹೆಸರಿಡುವುದು ನಮ್ಮ ಪದ್ಧತಿ. ಎಲ್ಲರ ಬಾಯಲ್ಲಿರುವ ಹೆಸರಿಗೆ ಒಬ್ಬರೇ ಬೇಲಿ ಹಾಕಲಾಗದು. (ವಕೀಲರ ಮಟ್ಟಿಗೆ ಇದು ವರ್ಷವಿಡೀ ಫಸಲು ಕೊಡುವ ಪದ್ಧತಿ.)

ನೋಂದಣಿಯಾದ ಮೇಲೂ ನಿಶ್ಚಿಂತೆಯಿಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ, ಕೈಯಲ್ಲಿ ನೋಂದಣಿ ಪತ್ರವಿದ್ದವರಿಗಿಂತ ಮೊದಲು ಬಳಸಿದವರ ಹಕ್ಕೇ ಮೇಲೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಿದ್ದರೆ ನೋಂದಣಿ ಏಕೆ? ಅದಿಲ್ಲದವರು ಪ್ರತಿ ಸಲವೂ ತಮ್ಮ ಹೆಸರಿಗೆ ಜನರಲ್ಲಿ ಮಾನ್ಯತೆ ಬಂದಿದೆಯೆಂದು ಸಾಕ್ಷ್ಯ ಹೇಳಬೇಕು. ಪತ್ರವಿದ್ದವರ ಪರವಾಗಿ ಅದೇ ಮಾತನಾಡುತ್ತದೆ.

2017ರ ನಿಯಮಗಳು 74 ಫಾರಂಗಳನ್ನು 8ಕ್ಕೆ ಇಳಿಸಿದ ಮೇಲೆ ಕೆಲಸ ಹಗುರವಾಗಿದೆ. ಒಟ್ಟು 45 ಕ್ಲಾಸುಗಳು. ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಕ್ಲಾಸಿಗೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಟ್ರೇಡ್‌ಮಾರ್ಕ್ ಇಲಾಖೆಯ ಚೆನ್ನೈ ಕಚೇರಿಗೆ ಸೇರುತ್ತವೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಬೋರ್ಡು ಬರೆಸುವ ಮೊದಲೇ ಇಲಾಖೆಯ ಜಾಲತಾಣದಲ್ಲಿ ಅಂಥದೇ ಹೆಸರು ಇದೆಯೇ ಎಂದು ಹುಡುಕಿ, ಅದಕ್ಕೆ ಶುಲ್ಕವಿಲ್ಲ. ಮೊದಲ ದಿನದ ಬಿಲ್ಲು, ಲೇಬಲ್ ಮುದ್ರಿಸಿದ ಪ್ರೆಸ್ಸಿನ ರಸೀದಿ, ಹಳೆಯ ಜಾಹೀರಾತು ಎಲ್ಲವನ್ನೂ ಎತ್ತಿಡಿ. ಮುಂದೆ ಕೋರ್ಟಿನಲ್ಲಿ ಮೊದಲು ಕೇಳುವುದು ಅವನ್ನೇ.